ಬಾನೆಟ್ಟಿನೊಳಗಿನ ಉಸಿರು

ಕಾರು ಸದ್ದು ಮಾಡುತ್ತಿತ್ತು; ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದಲೇ. ಬೇರೆ ಯಾರ ಕಾರಾಗಿದ್ದರೂ ಅದೊಂದು ದೊಡ್ಡ ವಿಷಯವಾಗುತ್ತಿರಲಿಲ್ಲ. ಆದರೆ ಈ ಕಾರಿನ ಒಡೆಯರು ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ತುಟಿಯ ಮೇಲೆ ಬೆರಳಿಟ್ಟು ‘ಶ್’ ಎನ್ನುತ್ತಲೇ ಬಾಳು ಸವೆಸುತ್ತಿದ್ದವರು. ಬೀದಿಯವರು ಬೆನ್ನ ಹಿಂದೆ ಅವರನ್ನು ಶ್-ರಾಯರೆಂದೇ ಕರೆಯುತ್ತಿದ್ದರು.

ಸದ್ದಾದರೂ ಎಂಥದ್ದು! ಬಿಸಿಲೇರಿ ಇಂಜಿನ್ ಕಾದಾಗ ಬಾನೆಟ್ಟಿನೊಳಗಿಂದ ಎರಡು ಗಿಡ್ಡ, ಒಂದು ಉದ್ದ: ಫು, ಫು, ಫೂ... ಇಂಜಿನ್ ಆರಿಸಿ ಕೀಲಿ ಜೇಬಿಗಿಳಿಸಿದ ಮೇಲೂ ಅದು ನಿಲ್ಲುತ್ತಿರಲಿಲ್ಲ. ರಾಯರ ಹೆಂಡತಿ ಅದನ್ನು ಒಂದೇ ಸಲ ಕೇಳಿದ್ದು. ಮರುದಿನವೇ ತಂಗಿಯ ಮನೆಗೆ ರೈಲು ಹತ್ತಿದ್ದರು. ಹದಿನೆಂಟು ದಿನವಾದ ಮೇಲೆ, ಇವತ್ತು ನಾಲ್ಕರ ರೈಲಿಗೆ ಬರುತ್ತೇನೆಂದು ಫೋನು ಮಾಡಿದ್ದರು.

“ಆ ಸದ್ದು ಇನ್ನೊಂದ್ಸಲ ಕಿವಿಗೆ ಬಿತ್ತೋ, ಮುಂದಿನ ರೈಲಿಗೇ ವಾಪಸ್ ಹೋಗ್ತೀನಿ. ಆಮೇಲೆ ನೀವೂ ನಿಮ್ಮ ಕಾರೂ ಸುಖವಾಗಿರಿ.”

ಹೆಂಡತಿಯಿಲ್ಲದ ಮನೆ ಗ್ರಂಥಾಲಯಕ್ಕಿಂತ ನಿಶ್ಶಬ್ದವಾಗಿತ್ತು. ಅಷ್ಟು ನಿಶ್ಶಬ್ದ ತಮಗೆ ಸಹಿಸಲಾಗುವುದಿಲ್ಲವೆಂಬುದು ರಾಯರಿಗೆ ಈ ವಯಸ್ಸಿನಲ್ಲಿ ಮೊದಲ ಬಾರಿ ಗೊತ್ತಾಗಿತ್ತು.

ಹಾಗಾಗಿ ಅಂದು ರಜೆ ಹಾಕಿ, ಮಧ್ಯಾಹ್ನ ಎರಡು ಗಂಟೆಗೆ ಕಾರನ್ನು ಬಿಸಿಲಿನಲ್ಲಿ ನಾಲ್ಕು ಸುತ್ತು ಓಡಿಸಿ, ಮನೆಯ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದರು. ಎತ್ತಿದ ಬಾನೆಟ್ ಕಂಡರೆ ಬೀದಿಯವರ ಕಾಲು ಮನೆಯೊಳಗೆ ನಿಲ್ಲುತ್ತದೆಯೇ? ಎದುರುಮನೆಯ ಟೈಲರು ಕತ್ತಿಗೆ ಹಾಕಿಕೊಂಡ ಟೇಪಿನ ಸಮೇತ ಬಂದು, ಬೆಲ್ಟ್ ಸಡಿಲವಾಗಿದೆ, ತನ್ನ ಹೊಲಿಗೆ ಯಂತ್ರವೂ ಹೀಗೇ ಮಾಡುತ್ತಿತ್ತೆಂದು ತೀರ್ಪು ಕೊಟ್ಟ. ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಮೂವತ್ತು ವರ್ಷದ ಹಳೆಯ ಸ್ಟೆತಾಸ್ಕೋಪು ತಂದು ರೇಡಿಯೇಟರಿನ ಮೇಲಿಟ್ಟು ಕಣ್ಣು ಮುಚ್ಚಿದರು. ಟೈಲರು ನಗಲು ಬಾಯಿ ತೆರೆದವನು ಅವರ ಮುಖ ನೋಡಿ ಹಾಗೇ ಮುಚ್ಚಿಕೊಂಡ.

“ಇದು ಯಂತ್ರದ ಸದ್ದಲ್ಲ, ರಾಯರೇ,” ಎಂದರು ನರ್ಸಮ್ಮ. “ಉಸಿರು. ಈ ಉಸಿರು ನಾನು ಮುಂಚೆ ಕೇಳಿದೀನಿ. ಕಾರು ಯಾರದಾಗಿತ್ತು?”

ರಾಯರು ಬಾನೆಟ್ಟಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಕಾರು ಗಡಿಯಾರದಜ್ಜನದು. ಮಾರ್ಕೆಟ್ಟಿನ ಮೂಲೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಆ ಮುದುಕ ತೀರಿಕೊಂಡ ಮೇಲೆ ಅವನ ಮಗಳಿಂದ ಕೊಂಡದ್ದು. ಬಿಚ್ಚಿದ ವಾಚಿನ ಧೂಳಿಗಾಗಲಿ, ಕೈಯಲ್ಲಿದ್ದ ಚಹಾಕ್ಕಾಗಲಿ ಅಜ್ಜ ಊದುತ್ತಿದ್ದದ್ದು ಒಂದೇ ರೀತಿ: ಎರಡು ಗಿಡ್ಡ, ಒಂದು ಉದ್ದ. ಗ್ರಂಥಾಲಯದ ಪತ್ರಿಕೆಯ ಮೇಜಿನಲ್ಲಿ ಕೂತು ಕನ್ನಡಕಕ್ಕೂ ಹಾಗೇ ಊದುತ್ತಿದ್ದ. ಒಂದು ದಿನ ರಾಯರು ಎಲ್ಲರೆದುರು ತುಟಿಯ ಮೇಲೆ ಬೆರಳಿಟ್ಟು ‘ಶ್’ ಎಂದಿದ್ದರು. ಅಜ್ಜ ಅವರನ್ನೇ ಒಂದು ಗಳಿಗೆ ನೋಡಿದ್ದ. ಆಮೇಲೆ ಸಾಯುವವರೆಗೂ ಮಂಜು ಕನ್ನಡಕದಲ್ಲೇ ಪತ್ರಿಕೆ ಓದಿದ. ಆ ಕೋಣೆಯಲ್ಲಿ ಮತ್ತೆ ಒಂದು ಸಲವೂ ಊದಲಿಲ್ಲ.

ಅಷ್ಟರಲ್ಲಿ ಟೈಲರು ಫೋನು ಮಾಡಿ ಕರೆಸಿದ್ದ ಮೆಕ್ಯಾನಿಕ್ ಬಂದ. ಭೂತ ಪ್ರೇತ ನಂಬುವ ಆಳಲ್ಲ. ಕಾರು ಬಿಸಿಯಾಗಿ ನಿಂತುಹೋಗಿದ್ದುಂಟೇ ಎಂದು ಕೇಳಿದ. ಇಲ್ಲ, ಎಂಥ ಬಿಸಿಲಲ್ಲೂ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುಗೆರೆ ದಾಟಿಲ್ಲ ಎಂದರು ರಾಯರು. ಹಾಗಾದರೆ ಇಂಜಿನ್ ತಣ್ಣಗಿಡುವ ಫ್ಯಾನು ಚೆನ್ನಾಗಿಯೇ ಇದೆ, ಎಲ್ಲೋ ಕಸ ತಗಲುತ್ತಿರಬೇಕು ಎನ್ನುತ್ತ ಅವನು ತಲೆ ಒಳಗೆ ತೂರಿಸಿದ. ತಲೆ ತುಂಬ ಹೊತ್ತು ಹೊರಗೆ ಬರಲಿಲ್ಲ.

“ಸಾರ್, ಈ ಫ್ಯಾನು ತುಕ್ಕು ಹಿಡಿದು ಅಂಟ್ಕೊಂಡಿದೆ,” ಎಂದ, ಒಳಗಿನಿಂದಲೇ. “ವೈರನ್ನ ಇಲಿ ಕಡಿದು ವರ್ಷ ಆಗಿರ್ಬೇಕು. ಇದು ತಿರುಗ್ತಾನೇ ಇಲ್ಲ.”

ಫು, ಫು, ಫೂ... ಎಂದಿತು ಬಾನೆಟ್ಟಿನ ಒಳಗು. ಮೆಕ್ಯಾನಿಕ್‌ನ ಹಣೆಯ ಮೇಲಿನ ಕೂದಲು ಮೆಲ್ಲಗೆ ಹಾರಿತು.

ಹೊಸ ಫ್ಯಾನು ನಾಳೆ ತರುತ್ತೇನೆಂದು ಹೇಳಿ ಅವನು ಓಡದ ಹಾಗೆ ನಟಿಸುತ್ತ ಓಡಿದ. ಸ್ಪ್ಯಾನರು ರೇಡಿಯೇಟರಿನ ಮೇಲೆಯೇ ಉಳಿಯಿತು. ಟೈಲರಿಗೆ ಇಸ್ತ್ರಿಪೆಟ್ಟಿಗೆ ಆರಿಸಿಲ್ಲವೆಂಬುದು ನೆನಪಾಯಿತು. ನರ್ಸಮ್ಮ ಸ್ಟೆತಾಸ್ಕೋಪನ್ನು ಸೆರಗಿನಲ್ಲಿ ಒರೆಸಿಕೊಂಡು, “ಮೆತ್ತಗೆ ಮಾತಾಡಿಸಿ, ಪಾಪ, ಹಿರೀ ಜೀವ,” ಎಂದು ರಾಯರಿಗೆ ಹೇಳಿ ಬಾಗಿಲು ಹಾಕಿಕೊಂಡರು.

ಗಂಟೆ ಮೂರೂವರೆ. ಬೀದಿಯಲ್ಲಿ ರಾಯರು, ಬಿಸಿಲು ಮತ್ತು ಆ ಸದ್ದು. ಬೇರೆ ದಾರಿ ತೋಚದೆ ರಾಯರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದರು. ಬಾನೆಟ್ಟಿನೊಳಗೆ ಬಗ್ಗಿ, ತುಟಿಯ ಮೇಲೆ ಬೆರಳಿಟ್ಟು, ಗಟ್ಟಿಯಾಗಿ “ಶ್!” ಎಂದರು.

ಸದ್ದು ನಿಂತಿತು. ಮಾತಿನ ನಡುವೆ ಬಾಯಿ ಮುಚ್ಚಿಕೊಂಡವರ ಹಾಗೆ, ಫಕ್ಕನೆ.

ಸ್ಟೇಷನ್ನಿನಲ್ಲಿ ಹೆಂಡತಿ ಕಾರಿನ ಪಕ್ಕ ಐದು ನಿಮಿಷ ಕಿವಿಗೊಟ್ಟು ನಿಂತು, ಆಮೇಲೆ ಹತ್ತಿದರು. ದಾರಿಯಲ್ಲಿ ತಂಗಿಯ ಮನೆಯ ಸುದ್ದಿ ಹೇಳಿದರು. ಒಮ್ಮೆ ನಕ್ಕರು ಕೂಡ. ರಾಯರ ಕಣ್ಣು ತೇವವಾಯಿತು. ಹಾಗಾಗಿ ಮೀಟರಿನ ಮುಳ್ಳು ಅವರಿಗೆ ಕಾಣಿಸುವಾಗ ತಡವಾಗಿತ್ತು. ಅದು ನಡುಗೆರೆ ದಾಟಿ, ಕೆಂಪು ಗೆರೆಯನ್ನೂ ದಾಟಿ, ಇನ್ನು ಹೋಗಲು ಜಾಗವಿಲ್ಲದೆ ನಡುಗುತ್ತಿತ್ತು. ಸೇತುವೆಯ ಮೇಲೆ ಕಾರು ಒಮ್ಮೆ ಬಿಕ್ಕಿ ನಿಂತುಬಿಟ್ಟಿತು.

ಬಾನೆಟ್ ಎತ್ತಿದರೆ ಮುಖಕ್ಕೆ ಹಬೆ. ಇಷ್ಟು ದಿನ ಇಂಜಿನನ್ನು ಯಾರು ಊದಿ ತಣ್ಣಗಿಡುತ್ತಿದ್ದರೆಂಬುದು ರಾಯರಿಗೆ ಆಗ ಹೊಳೆಯಿತು. ಹಬೆ ಪೂರ್ತಿ ಅಡಗುವವರೆಗೆ ಕಾದು, ಹಿಂದಿನ ವಾಹನಗಳ ಹಾರನ್ನಿನ ನಡುವೆ, ಕೈಮುಗಿದು ಬಗ್ಗಿದರು.

“ಅಜ್ಜಾ, ತಪ್ಪಾಯ್ತು. ಅವತ್ತಿಂದೂ ತಪ್ಪಾಯ್ತು, ಇವತ್ತಿಂದೂ. ಒಂಚೂರು ಊದಿ, ಅಜ್ಜಾ. ಮನೆ ತನಕ ಸಾಕು.”

ರಾಯರ ದನಿ ಏರಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಅವರು ನಡುಬೀದಿಯಲ್ಲಿ ಕಿರುಚುತ್ತಿದ್ದರು. ಹೆಂಡತಿ ಇಳಿದು ಬಂದು ಪಕ್ಕದಲ್ಲೇ ನಿಂತದ್ದೂ ಅವರಿಗೆ ಗೊತ್ತಾಗಲಿಲ್ಲ.

ಆರಿ ತಣ್ಣಗಾಗಿದ್ದ ಇಂಜಿನ್ನಿನ ಆಳದಿಂದ, ಸಾವಕಾಶವಾಗಿ, ಬಹಳ ಕಾಲದಿಂದ ಕಾದು ಕೂತಿದ್ದವರ ನೆಮ್ಮದಿಯಲ್ಲಿ, ಒಂದೇ ಒಂದು ಸದ್ದು ಬಂತು.

“ಶ್...”

ಹೆಂಡತಿ ಹಿಂದಿನ ಸೀಟಿನಿಂದ ಚೀಲ ತೆಗೆದುಕೊಂಡು ಸ್ಟೇಷನ್ನಿನ ಕಡೆ ನಡೆಯತೊಡಗಿದರು. ಕೂಗಿ ಕರೆಯಲು ರಾಯರಿಗೆ ಬಾಯಿ ಬರಲಿಲ್ಲ.