ಗೊಂಬೆ ಸಾಲಿನಲ್ಲಿ ಕೂತ ವಿಮಾನ

ರಿಟೈರಾದ ಮೇಲೆ ನನಗೆ ಏನೇ ಫಜೀತಿಯಾದರೂ ನಾಲ್ಕು ಜನ ನೋಡುತ್ತಿರುವಾಗಲೇ ಆಗುತ್ತದೆ. ಮೊದಲೂ ಆಗುತ್ತಿತ್ತು. ಆದರೆ ನೋಡುವವರು ಬರೀ ವಿದ್ಯಾರ್ಥಿಗಳು, ಇಂಟರ್ನಲ್ ಮಾರ್ಕ್ಸ್ ನನ್ನ ಕೈಯಲ್ಲಿತ್ತು, ಯಾರೂ ನಗುತ್ತಿರಲಿಲ್ಲ. ಈಗ ಅರ್ಧ ವಿದ್ಯಾರಣ್ಯಪುರಂ ನಗುತ್ತದೆ.

ಎಲ್ಲಕ್ಕೂ ಮೂಲ ಒಂದು ವಿಮಾನ. ರಿಮೋಟ್ ಹಿಡಿದು ಹಾರಿಸುವಂಥದ್ದು. ಆಟದ ಸಾಮಾನು ಅಂದುಕೊಳ್ಳಬೇಡಿ. ರೆಕ್ಕೆ ಎಂಟು ಅಡಿ, ಮೂಗಿನಲ್ಲಿ ತೆಂಗಿನಕಾಯಿ ಗಾತ್ರದ ಪೆಟ್ರೋಲ್ ಎಂಜಿನ್ನು. ಮುಂದಿನ ಫ್ಯಾನನ್ನು ಕೈಯಲ್ಲಿ ತಿರುವಿ ಸ್ಟಾರ್ಟ್ ಮಾಡಬೇಕು. ಮೆಕ್ಯಾನಿಕಲ್ ವಿಭಾಗದಲ್ಲಿ ಮೂವತ್ತು ವರ್ಷ ಎಂಜಿನ್ನುಗಳ ಪಾಠ ಮಾಡಿದವನು ನಾನು. ಕೊಂಡು ಆರು ತಿಂಗಳಾದರೂ ಅದು ಒಂದು ಸಲವೂ ಸ್ಟಾರ್ಟ್ ಆಗಿರಲಿಲ್ಲ.

ಕೊನೆಗೆ ನಮ್ಮಾಕೆ ಗಡುವು ಕೊಟ್ಟಳು. "ಆಯುಧಪೂಜೆಯೊಳಗೆ ಇದು ಸ್ಟಾರ್ಟ್ ಆದ್ರೆ ಮನೇಲಿರುತ್ತೆ. ಇಲ್ದಿದ್ರೆ ಗುಜರಿಯವನ ಪಾಲು. ಅಷ್ಟೇ ಕಣ್ರೀ."

ಬಂಕಿನಲ್ಲಿ

ಪೆಟ್ರೋಲ್ ಹಳೆಯದಾಗಿರಬಹುದು ಅನ್ನಿಸಿ ಬಾಟಲಿ ಹಿಡಿದು ಬಂಕಿಗೆ ಹೋದೆ. ಅಲ್ಲಿನವನು ತಲೆ ಎತ್ತದೆ, "ಬಾಟಲಿಗೆ ಹಾಕೋ ಹಂಗಿಲ್ಲ ಸಾರ್, ಗಾಡಿ ತನ್ನಿ" ಅಂದ.

ತಂದೆ. ರೆಕ್ಕೆ ಬಿಚ್ಚಿಟ್ಟು, ಉಳಿದ ಆರಡಿ ದೇಹವನ್ನು ಆಟೋದಲ್ಲಿ ಹಾಕಿಕೊಂಡು, ಬಾಲ ಹೊರಗೆ ಚಾಚಿಕೊಂಡು ಹೋದೆ. ಸ್ಕೂಟರುಗಳ ಸಾಲಿನಲ್ಲಿ ವಿಮಾನ ಎತ್ತಿಕೊಂಡು ನಿಂತೆ. ನನ್ನ ಸರದಿ ಬಂದಾಗ ಬಂಕಿನವನು ಸ್ವಲ್ಪವೂ ಬೆಚ್ಚಲಿಲ್ಲ.

"ಫುಲ್ ಟ್ಯಾಂಕಾ ಸಾರ್?"

"ಹೂಂ. ಅರ್ಧ ಲೀಟರ್ ಹಿಡಿಯುತ್ತೆ."

"ಅರ್ಧ ಲೀಟರಲ್ಲಿ ಎಲ್ಲಿಗಂತ ಹೋಗುತ್ತೆ ಇದು?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಆಟೋದವನು ಹೇಳಿದ: "ಎಲ್ಲಿಗೂ ಹೋಗಲ್ಲ ಕಣಣ್ಣ. ಇಲ್ಲಿಗೂ ನಮ್ಮ ಆಟೋದಲ್ಲೇ ಬಂದಿದ್ದು."

ಹಿನಕಲ್ ಕಡೆಯ ಬಯಲಲ್ಲಿ

ಪಕ್ಕದ ಮನೆಯಲ್ಲಿ ರಿಟೈರಾದ ಬ್ಯಾಂಕ್ ಮ್ಯಾನೇಜರೊಬ್ಬರಿದ್ದಾರೆ. ಹಳೇ ಸ್ಕೂಟರನ್ನು ಮೂವತ್ತು ವರ್ಷ ಒದ್ದು ಓಡಿಸಿದ ಅನುಭವಿ. ಬಾಲ ಹಿಡಿದುಕೊಳ್ಳಲು ಅವರನ್ನು ಹಿನಕಲ್ ಕಡೆಯ ಒಂದು ಬಯಲಿಗೆ ಕರೆದುಕೊಂಡು ಹೋದೆ. ಕೈಗೆ ದಪ್ಪ ಚರ್ಮದ ಗ್ಲೋವ್ಸ್ ಹಾಕಿಕೊಂಡು ನಾನು ಎಪ್ಪತ್ತು ಸಲ ಫ್ಯಾನು ತಿರುವಿದೆ. ಎಂಜಿನ್ನು ಒಮ್ಮೆ ಕೆಮ್ಮಿತು, ಆಮೇಲೆ ಅದೂ ಇಲ್ಲ.

"ಚೋಕ್ ಜಾಸ್ತಿಯಾಗಿ ಪೆಟ್ರೋಲ್ ತುಂಬಿಕೊಂಡಿದೆ" ಎಂದು ಹತ್ತು ನಿಮಿಷ ವಿವರಿಸಿದೆ. ಹಳೇ ಅಭ್ಯಾಸ, ನೆಲದ ಮೇಲೆ ಕಡ್ಡಿಯಲ್ಲಿ ಚಿತ್ರವನ್ನೂ ಬರೆದೆ.

"ಇಷ್ಟಕ್ಕೆಲ್ಲ ಪಾಠ ಯಾಕೆ ಮೇಷ್ಟ್ರೇ? ಸ್ವಲ್ಪ ವಾಲಿಸಿದ್ರೆ ಸರಿ ಹೋಗುತ್ತೆ" ಎಂದವರೇ ಅವರು ಸ್ಕೂಟರನ್ನು ವಾಲಿಸುವ ಹಾಗೆ ವಿಮಾನವನ್ನು ಎಡಕ್ಕೆ ವಾಲಿಸಿದರು. ಟ್ಯಾಂಕಿನ ಪೆಟ್ರೋಲೆಲ್ಲ ಅವರ ಹೊಸ ಷೂ ಒಳಗೆ ಇಳಿಯಿತು. ಅದನ್ನು ಗಮನಿಸದೆ, "ಹೂಂ, ಈಗ ಕಿಕ್ ಹೊಡೀರಿ" ಅಂದರು.

"ಎಲ್ಲಿಗೆ?" ಅಂದೆ.

"ಅದನ್ನೂ ನಾನೇ ಹೇಳ್ಬೇಕಾ? ಮೂವತ್ತು ವರ್ಷ ಪಾಠ ಮಾಡಿದೋರು ನೀವು!"

ಪಟ್ಟದ ಗೊಂಬೆಗಳ ಪಕ್ಕದಲ್ಲಿ

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಹಾಲಿನಲ್ಲಿ ಗೊಂಬೆ ಕೂರಿಸುವ ಮೂಲೆಯನ್ನು ಆರು ತಿಂಗಳಿಂದ ವಿಮಾನ ಆಕ್ರಮಿಸಿತ್ತು. ಬೇರೆಲ್ಲೂ ಎಂಟಡಿ ಜಾಗವಿಲ್ಲ. ನಮ್ಮಾಕೆ ಅದನ್ನು ಚೆನ್ನಾಗಿ ಒರೆಸಿ, ಅದರ ಸುತ್ತಲೇ ಮೆಟ್ಟಿಲು ಕಟ್ಟಿ ರಾಜ ರಾಣಿಯರನ್ನು ಕೂರಿಸಿದಳು. ಕೂರಿಸಿದ ಮೇಲೆ, "ಇನ್ನು ಇದನ್ನ ಮುಟ್ಟಬೇಡಿ. ಗೊಂಬೆ ಅಲ್ಲಾಡಿಸಬಾರದು" ಅಂದಳು. ಗಡುವು ಕೊಟ್ಟವಳೂ ಅವಳೇ, ಮುಟ್ಟಬೇಡಿ ಅಂದವಳೂ ಅವಳೇ!

ಗೊಂಬೆ ನೋಡಲು ಬಂದ ಎದುರು ಮನೆಯ ಹುಡುಗಿ ವಿಮಾನಕ್ಕೂ ಕೈಮುಗಿದು, "ಇದೇನು ಮಾಡುತ್ತೆ ಆಂಟಿ?" ಅಂತ ಕೇಳಿದಳು. ನಾನು ಅಲ್ಲೇ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದೆ.

"ಏನೂ ಮಾಡಲ್ಲ ಕಣಮ್ಮ. ಬೆಳಿಗ್ಗೆಯಿಂದ ಸಂಜೆವರೆಗೂ ಸುಮ್ನೆ ಕೂತಿರುತ್ತೆ."

ಹುಡುಗಿ ನನ್ನ ಕಡೆ ತಿರುಗಿ, ತುಂಬ ಗೌರವದಿಂದ ನಕ್ಕಳು.

ಆಯುಧಪೂಜೆ

ನನಗೆ ಉಳಿದದ್ದು ಆ ಒಂದೇ ದಿನ. ನಮ್ಮ ಮನೆಯ ಶಾಸ್ತ್ರ ಸರಳ: ಚಕ್ರ ಇರುವುದೆಲ್ಲ ಗಾಡಿ, ಅದಕ್ಕೆ ಅಂಗಳದಲ್ಲಿ ಪೂಜೆ, ಚಕ್ರ ಇಲ್ಲದ್ದೆಲ್ಲ ಆಯುಧ, ಅದು ದೇವರ ಮುಂದೆ. ಹೀಗಾಗಿ ನಮ್ಮಾಕೆಯ ಅಪ್ಪಣೆಯಂತೆಯೇ, ಒಂದು ಗೊಂಬೆಯೂ ಅಲ್ಲಾಡದ ಹಾಗೆ, ವಿಮಾನ ಹೊರಗೆ ಬಂತು. ರಿಮೋಟು ಮಾತ್ರ ಈಳಿಗೆಮಣೆ, ಸುತ್ತಿಗೆ, ಕತ್ತರಿಗಳ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಮನೆಯಲ್ಲಿ ಕೂತಿತು.

"ರಿಮೋಟ್ ಬೇಕಲ್ಲೇ" ಅಂದೆ.

"ನಾಳೆ ಬೆಳಿಗ್ಗೆ ವಿಸರ್ಜನೆ ಆಗೋವರೆಗೂ ಕದಲಿಸೋ ಹಾಗಿಲ್ಲ. ಸ್ಟಾರ್ಟ್ ಮಾಡೋದು ಕೈಯಲ್ಲೇ ತಾನೆ?"

ಅದೂ ಸರಿಯೇ. ಎಪ್ಪತ್ತು ಸಲ ತಿರುವಿ ಒಮ್ಮೆ ಗುರ್ ಅನ್ನಿಸಿದರೆ ನನ್ನ ಮಾನ ಉಳಿಯಿತು ಅಂದುಕೊಂಡು, ಬ್ಯಾಂಕ್ ಮ್ಯಾನೇಜರ ಸ್ಕೂಟರಿನಿಂದ ಪೆಟ್ರೋಲ್ ಇಳಿಸಿ ಟ್ಯಾಂಕ್ ತುಂಬಿಸಿದೆ. ಮೂಗಿಗೆ ಸೇವಂತಿಗೆ ಹಾರ, ಚಕ್ರದ ಮುಂದೆ ನಿಂಬೆಹಣ್ಣು. ಹಾರ ತೆಗೆಯಕೂಡದು ಎಂದು ಅಪ್ಪಣೆ. ಸೆರಗು ಸಿಕ್ಕಿಸಿಕೊಂಡು ನಮ್ಮಾಕೆಯೇ ಬಾಲ ಹಿಡಿದು ಕೂತಳು. ಬ್ಯಾಂಕ್ ಮ್ಯಾನೇಜರು ಗೇಟಿನಾಚೆ, ಹವಾಯಿ ಚಪ್ಪಲಿಯಲ್ಲಿ.

ಗ್ಲೋವ್ಸ್ ಹಾಕಿ ಒಂದು ಸಲ ತಿರುವಿದೆ. ಒಂದೇ ಸಲ!

ಒಂಬತ್ತು ದಿನ ನಾನು ಮುಟ್ಟದೆ ಇದ್ದದ್ದೇ ಅದಕ್ಕೆ ಔಷಧಿಯಾಗಿತ್ತೋ ಏನೋ, ಎಂಜಿನ್ನು ಗರ್ಜಿಸಿತು. ಹಾರ ಚೂರುಚೂರಾಗಿ ಇಡೀ ಅಂಗಳಕ್ಕೆ ಪುಷ್ಪವೃಷ್ಟಿ. ವಿಮಾನ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಮುನ್ನುಗ್ಗಿತು, ಬಾಲ ಬಿಡದೆ ನಮ್ಮಾಕೆ ಎರಡಡಿ ಜಾರಿಕೊಂಡು ಬಂದಳು.

"ಬಂದ್ ಮಾಡ್ರೀ!"

ಬಂದ್ ಮಾಡುವುದಕ್ಕೆ ರಿಮೋಟು ಬೇಕು. ವಿಮಾನದ ಮೇಲೂ ಒಂದು ಸ್ವಿಚ್ಚಿದೆ, ತಿರುಗುವ ಫ್ಯಾನಿನ ಪಕ್ಕದಲ್ಲೇ. ಅಲ್ಲಿ ಅದನ್ನು ಕೂರಿಸಿದ್ದು ಯಾರೋ ಅನಕ್ಷರಸ್ಥನಲ್ಲ, ನಾನೇ. ದೇವರ ಮನೆಗೆ ಓಡಿ ರಿಮೋಟಿಗೆ ಕೈ ಚಾಚಿದೆ. ಆ ಗಲಾಟೆಯಲ್ಲೂ ಹೊರಗಿನಿಂದ ಕೂಗು ಕೇಳಿಸಿತು:

"ಮುಟ್ಟೀರಾ ಮತ್ತೆ! ವಿಸರ್ಜನೆ ಆಗಿಲ್ಲ!"

ಮುಟ್ಟಲಿಲ್ಲ. ವಾಪಸ್ಸು ಓಡಿ ಬಂದು ನಾನೂ ಬಾಲ ಹಿಡಿದು ಕೂತೆ. ಪೆಟ್ರೋಲ್ ತೀರುವವರೆಗೆ, ಭರ್ತಿ ಕಾಲು ಗಂಟೆ, ದಂಪತಿಗಳಿಬ್ಬರೂ ಹೊಗೆ ಕುಡಿಯುತ್ತ ಕೂತೆವು. ಬೀದಿಯವರೆಲ್ಲ ಬಂದು ಕಾಂಪೌಂಡಿನ ಮೇಲೆ ಒರಗಿ ನೋಡಿದರು. ಕೊನೆಗೆ ಎಂಜಿನ್ನು ಎರಡು ಸಲ ಬಿಕ್ಕಳಿಸಿ ನಿಂತಿತು.

"ನೋಡಿದ್ಯಾ? ಸ್ಟಾರ್ಟ್ ಆಯ್ತು!" ಅಂದೆ, ಗೆಲುವಿನಿಂದ.

ನಮ್ಮಾಕೆ ತಲೆಯ ಮೇಲಿನ ಸೇವಂತಿಗೆ ಎಸಳುಗಳನ್ನು ನಿಧಾನವಾಗಿ ಕೊಡವಿಕೊಂಡಳು.

"ಕೊಟ್ಟ ಮಾತು ಮಾತೇ. ವಿಮಾನ ಮನೇಲೇ ಇರುತ್ತೆ. ನೀವೆಲ್ಲಿರ್ತೀರಿ, ನೋಡ್ಕೊಳ್ಳಿ."