ಕೆಮ್ಮದೆ ಎದ್ದ ದಿನ

ಆ ದಿನದ ಫಜೀತಿಗೆಲ್ಲ ಮೂಲ, ಬೇಕರಿಯವನ ಮಗಳು ಬೆಳಿಗ್ಗೆ ಒಂದು ಸಲವೂ ಕೆಮ್ಮದೆ ಎದ್ದದ್ದು.

ಹುಡುಗಿಗೆ ಉಬ್ಬಸ. ಗಾಳಿ ಕೊಂಚ ತಣ್ಣಗಾದರೆ ಸಾಕು, ಎದೆಯೊಳಗೆ ಯಾರೋ ತೂತುಬಿದ್ದ ತಿದಿ ಒತ್ತಿದ ಹಾಗೆ ಸುಂಯ್‌ಗುಡುತ್ತಿತ್ತು. ಆ ವರ್ಷ ಅವಳು ಶಾಲೆಯ ಬೆಂಚಿಗಿಂತ ಮನೆಯ ದಿಂಬಿಗೆ ಒರಗಿದ್ದೇ ಹೆಚ್ಚು. ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದು ಕಷ್ಟ, ಹುಷಾರಾದ ದಿನ ಅವಳನ್ನು ಕರೆದುಕೊಂಡು ಬಂದು ಮಾತಾಡಿ ಎಂದು ಹೆಡ್‌ಮಿಸ್ಟ್ರೆಸ್ ಹೇಳಿಕಳಿಸಿದ್ದರು.

ಬೇಕರಿಯವನಿಗೆ ಭಟ್ಟಿಯ ಮುಂದೆ ಇಡೀ ಪಾಳಿ ನಿಲ್ಲುವುದು ಸಲೀಸು. ಹೆಡ್‌ಮಿಸ್ಟ್ರೆಸ್ ಮುಂದೆ ನಿಂತರೆ ಮಾತ್ರ ನಾಲಿಗೆ ನಾದಿದ ಹಿಟ್ಟಾಗುತ್ತಿತ್ತು. ಹೆಂಡತಿ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ವಿಧಿಯಿಲ್ಲದೆ ಮೈಗಂಟಿದ ಮೈದಾ ತೊಳೆದುಕೊಂಡು ಮಗಳ ಕೈಹಿಡಿದು ಹೊರಟ.

ಮೆಟ್ಟಿಲಲ್ಲೇ ಮೇಲ್ಮನೆಯ ಅತ್ತೆ ಅಡ್ಡಬಂದರು. ಅವರು ಯಾರಿಗೂ ಅತ್ತೆಯಲ್ಲ, ಆದ್ದರಿಂದ ಇಡೀ ಕಟ್ಟಡಕ್ಕೇ ಅತ್ತೆ. ಸಂಗತಿ ಕೇಳಿ, ಕಾಯಿಲೆ ಅಂತ ಬಾಯೇ ಬಿಡಬೇಡ, ಬಿಟ್ಟರೆ ಹುಡುಗಿಯನ್ನು ಶಾಲೆಯಿಂದಲೇ ತೆಗೆದಾರು ಎಂದು ಉಪದೇಶ ಮಾಡಿದರು. ಕೆಳಗೆ ಗಡಿಯಾರ ರಿಪೇರಿಯ ಅಣ್ಣ ಕಣ್ಣಿನ ಭೂತಗನ್ನಡಿ ತೆಗೆಯದೆಯೇ, ಇರುವುದಕ್ಕಿಂತ ನಾಲ್ಕು ಪಟ್ಟು ಹೇಳು, ಆಗಲೇ ಕರುಣೆ ಬರುವುದು ಎಂದ. ಇಬ್ಬರಿಗೂ ವಾದ ಹತ್ತಿಕೊಂಡಿತು. ಬೇಕರಿಯವನು ಎರಡಕ್ಕೂ ತಲೆಯಾಡಿಸಿದ. ಅದೇ ತಪ್ಪಾಯಿತು. ಇವನನ್ನು ನಂಬಲಾಗದು ಎಂದುಕೊಂಡು ಅತ್ತೆ ಚಪ್ಪಲಿ ಮೆಟ್ಟಿದರು, ಅಣ್ಣ ಅಂಗಡಿ ಮುಚ್ಚಿದ.

ಬಸ್ಸಿನಲ್ಲಿ ಅತ್ತೆ, ಮಗುವಿಗೆ ಗಾಳಿ ಆಗದೆಂದು ಎಲ್ಲರ ಕಿಟಕಿಗಳನ್ನೂ ಮುಚ್ಚಿಸಿದರು. ಮಗುವಿಗೆ ಗಾಳಿಯೇ ಬೇಕೆಂದು ಅಣ್ಣ ತೆಗೆಸಿದ. ಮುಚ್ಚಿ ತೆಗೆದು ಸಾಕಾದ ಪ್ರಯಾಣಿಕರ ಪರವಾಗಿ ಕಂಡಕ್ಟರ್ ಈ ನಾಲ್ವರನ್ನೂ ದಾರಿಯಲ್ಲೇ ಇಳಿಸಿದ. ಹುಡುಗಿ ನಡೆಯುತ್ತೇನೆಂದರೂ ಕೇಳದೆ ಇಬ್ಬರೂ ಅವಳನ್ನು ಅಪ್ಪನ ಹೆಗಲಿಗೇರಿಸಿದರು. ಶಾಲೆ ಇದ್ದದ್ದು ದಿಬ್ಬದ ಮೇಲೆ.

ಗೇಟಿನವನು ಏದುಸಿರು ಬಿಡುತ್ತಿದ್ದ ಬೇಕರಿಯವನಿಗೇ ಕುರ್ಚಿ ತಂದುಹಾಕಿ, "ಪಾಪ, ಹುಷಾರಿಲ್ಲದೋರು ಇವರೇನಾ?" ಎಂದು ಕೇಳಿದ.

ಹುಡುಗಿ ಅಪ್ಪನ ಬೆನ್ನು ಸವರುತ್ತ, "ಮೂಗಲ್ಲಿ ಎಳ್ಕೊ ಅಪ್ಪ. ಬಾಯಲ್ಲಿ ನಿಧಾನಕ್ಕೆ ಬಿಡು," ಎಂದಳು.

ಅವನ ಉಸಿರು ಹದಕ್ಕೆ ಬರುವ ಹೊತ್ತಿಗೆ ಒಳಗೆ ಕರೆ ಬಂತು. ಹೆಡ್‌ಮಿಸ್ಟ್ರೆಸ್ ಏನು ಸಮಾಚಾರ ಎನ್ನುವುದೇ ತಡ, ಹುಡುಗಿ ಹಾಸಿಗೆ ಬಿಟ್ಟು ಏಳುವುದೇ ಇಲ್ಲ ಎಂದು ಅಣ್ಣ ಶುರುಮಾಡಿದ. ಜಿಂಕೆ ಹಾಗೆ ಜಿಗಿಯುತ್ತಾಳೆ ಎಂದು ಅತ್ತೆ ಅದೇ ಉಸಿರಿನಲ್ಲಿ ಸೇರಿಸಿದರು. ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಅಪ್ಪನತ್ತ ನೋಡಿದರು. ಅವನು ಬಾಯಿ ತೆರೆದ, ಮುಚ್ಚಿದ. ಮಗಳ ವರ್ಷ ತನ್ನ ನಾಲಿಗೆಯ ತುದಿಯಲ್ಲಿ ನಿಂತಿದೆ, ನಾಲಿಗೆ ಮಾತ್ರ ಏಳುತ್ತಿಲ್ಲ.

ಹುಡುಗಿಯೇ ಮುಂದೆ ಬಂದಳು. "ಉಬ್ಬಸ ಬಂದ ದಿನ ನಂಗೆ ಓಡೋಕಾಗಲ್ಲ ಮಿಸ್. ಓದೋಕಾಗುತ್ತೆ. ಪಾಠ ಮನೆಗೆ ಕಳಿಸಿದ್ರೆ ಮಾಡ್ತೀನಿ."

ಹೆಡ್‌ಮಿಸ್ಟ್ರೆಸ್ ಮುಖದ ಗಂಟು ಒಂದೊಂದಾಗಿ ಬಿಚ್ಚಿತು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದರು. ಕಾಯಿಲೆಯಿಂದ ತಪ್ಪಿದ ದಿನಗಳನ್ನು ಇನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಪಾಠ ಮನೆಗೆ ಬರುತ್ತದೆ, ಪರೀಕ್ಷೆಯ ಚಿಂತೆ ಬಿಡಿ ಎಂದರು. ಬೇಕರಿಯವನ ಕಣ್ಣು ತುಂಬಿತು. ಅತ್ತೆಯೂ ಅಣ್ಣನೂ ಗೆದ್ದದ್ದು ತಮ್ಮ ಮಾತಿನಿಂದಲೇ ಎಂಬಂತೆ ಬೀಗಿದರು.

ಆಗ ಕ್ಲಾಸ್ ಟೀಚರ್ ಬಾಗಿಲಲ್ಲಿ ಇಣುಕಿದರು. ಹುಡುಗಿ ಇಲ್ಲೇ ಇರುವುದು ಗೊತ್ತಾಗಲಿಲ್ಲ, ಹಾಜರಿ ಕೂಗಿ ಆಬ್ಸೆಂಟ್ ಹಾಕಿಬಿಟ್ಟೆ, ಹಾಕಿದ್ದನ್ನು ತಿದ್ದುವ ಹಾಗಿಲ್ಲ ಎಂದು ಪೇಚಾಡಿದರು.

ಅದು ಲೆಕ್ಕಕ್ಕಿಲ್ಲವಂತೆ ಬಿಡಿ ಎಂದು ಬೇಕರಿಯವನು, ಅಷ್ಟು ಹೊತ್ತಿಗೆ ಮೊದಲ ಸಲ, ನಕ್ಕು ಮಾತಾಡಿದ.

"ನಾನು ಮಾಫಿ ಮಾಡಿದ್ದು ಕಾಯಿಲೆಯಿಂದ ತಪ್ಪಿದ್ದಕ್ಕೆ," ಎಂದರು ಹೆಡ್‌ಮಿಸ್ಟ್ರೆಸ್, ಕನ್ನಡಕ ಮತ್ತೆ ಏರಿಸುತ್ತ. "ಇವತ್ತು ಇವಳು ಚೆನ್ನಾಗೇ ಇದಾಳಲ್ಲ? ಸುಮ್ ಸುಮ್ನೆ ತಪ್ಪಿಸಿಕೊಂಡ್ರೆ ತಂದೆತಾಯಿ ಬಂದು ಕಾರಣ ಹೇಳ್ಬೇಕು. ನಾಳೆ ಇವಳನ್ನೂ ಕರ್ಕೊಂಡು ಬನ್ನಿ."

ಎಷ್ಟು ಹೊತ್ತಿಗೆ ಬರಲಿ ಎಂದು ಬೇಕರಿಯವನು ಮೆಲ್ಲಗೆ ಕೇಳಿದ.

"ಇದೇ ಹೊತ್ತಿಗೆ. ಹಾಜರಿ ಕೂಗೋ ಟೈಮಲ್ಲೇ ನಂಗೆ ಸ್ವಲ್ಪ ಬಿಡುವಿರೋದು."