ಪರದೆಯಲ್ಲಿ ಕಂಡದ್ದು ಕಾಗದಕ್ಕೆ ಇಳಿಯದು

ಗದಗ ಜಿಲ್ಲೆಯಾದ ಹೊಸದರಲ್ಲಿ ಗದಗ-ಬೆಟಗೇರಿ ಸುತ್ತ ಓಣಿಗೊಬ್ಬ ಮುಖಂಡ ಹುಟ್ಟಿದ. ಎಲ್ಲರಿಗೂ ಬಣ್ಣದ ಪೋಸ್ಟರ್ ಬೇಕು. ನಾನೂ ನನ್ನ ಪ್ರಿಂಟಿಂಗ್ ಪ್ರೆಸ್ಸಿಗೆ ಕಂಪ್ಯೂಟರ್ ತಂದೆ, ತಂದ ದಿನದಿಂದಲೇ ಗಿರಾಕಿಗಳ ಜೊತೆ ಬಣ್ಣದ ಜಗಳ ಶುರು. ಹೇಳಿ ಹೇಳಿ ಬಾಯಿ ನೊಂದು ಕಡೆಗೆ ಬೋರ್ಡು ತೂಗುಹಾಕಿದೆ: "ಪರದೆಯಲ್ಲಿ ಕಂಡಂತೆ ಬಾರದಿದ್ದರೆ ನಾವು ಜವಾಬ್ದಾರರಲ್ಲ." ಅದನ್ನು ಓದಿದವರು ಯಾರೂ ಇಲ್ಲ.

ಬ್ಯಾಟರಿ

ಲಕ್ಷ್ಮೇಶ್ವರದ ಕಿರಾಣಿ ವ್ಯಾಪಾರಿಯೊಬ್ಬರು ಮಗಳ ಲಗ್ನಪತ್ರಿಕೆಗೆ ಪರದೆ ನೋಡಿ ಗಿಳಿಹಸಿರು ಆರಿಸಿದರು. ಅಚ್ಚಾಗಿ ಬಂದದ್ದು ಕೆರೆಯ ಪಾಚಿ.

"ಕಾಕಾ, ಪರದೆಗೆ ಒಳಗಿಂದ ಬೆಳಕು ಬರತೈತಿ. ಕಾಗದಕ್ಕ ಎಲ್ಲಿಂದ ಬರಬೇಕ್ರಿ?" ಎಂದೆ.

ಅವರು ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿದರು. "ಹಂಗಾರ ಕೆಳಗ ಒಂದು ಸಾಲು ಹಾಕಪಾ: ಹಿಂದ ಬ್ಯಾಟ್ರಿ ಹಚ್ಚಿ ಹಿಡಕೊಂಡು ಓದಬೇಕಾಗಿ ವಿನಂತಿ."

ಮೂಗು

ಶಿರಹಟ್ಟಿಯ ನಿವೃತ್ತ ಹೆಡ್‌ಮಾಸ್ತರರು ತಮ್ಮ ಸನ್ಮಾನದ ಪೋಸ್ಟರಿಗೆ ಗುಂಪು ಫೋಟೋ ತಂದರು. ಅದರಲ್ಲಿ ಅವರ ಮುಖ ಶೇಂಗಾ ಬೀಜದಷ್ಟು. ಪರದೆಯಲ್ಲಿ ಸಣ್ಣದಾಗಿ ಚೆಂದವೇ ಕಂಡಿತು. ಬಾಗಿಲಷ್ಟು ದೊಡ್ಡದು ಮಾಡಿದರೆ ಮುಖ ಹೋಗಿ ಬರೀ ಚೌಕಗಳು ಉಳಿದವು.

"ನನ್ನ ಮೂಗು ಎಲ್ಲೈತ್ರಿ?"

"ದೂರ ನಿಂತು ನೋಡ್ರಿ ಸರ, ಬರತೈತಿ."

ಅವರು ಹಿಂದೆ ಸರಿಯುತ್ತ ಮೆಟ್ಟಿಲಿಳಿದು, ರಸ್ತೆ ದಾಟಿ, ಎದುರಿನ ಚಹಾದಂಗಡಿ ಮುಟ್ಟಿ ಕೂಗಿದರು: "ಬಂತು, ಬಂತು! ಆದ್ರ ಸಮಾರಂಭದಾಗ ಮಂದೀನ ಯಾವ ಊರಾಗ ಕುಂಡ್ರಸೋದು?"

ಮುಖ

ಮುಂಡರಗಿಯ ಮುಖಂಡರೊಬ್ಬರು ಹೇಳಿದ್ದರು: "ಈ ಪೋಸ್ಟರ್ ಚೊಲೋ ಬಂದ್ರ ವರ್ಷದ ಕೆಲಸೆಲ್ಲಾ ನಿನಗ." ನನ್ನ ಜೀವವೆಲ್ಲ ಅದರಲ್ಲಿತ್ತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಮರುದಿನ ಅದಕ್ಕೆ ಕೂತೆ. ಪರದೆಯಲ್ಲಿ ಅವರ ಮುಖ ವಿಪರೀತ ಹಳದಿ. ಫೋಟೋ ತೆಗೆದವನಿಗೆ ಬೈದು, ಹಳದಿ ಇಳಿಸಿ, ನೀಲಿ ಏರಿಸಿ, ಗೋಧಿಬಣ್ಣಕ್ಕೆ ತಂದು ಅಚ್ಚು ಹಾಕಿಸಿದೆ. ನಾನು ಕಟ್ಟು ಬಿಚ್ಚಿ ನೋಡುವ ಮೊದಲೇ ಮುಖಂಡರ ಹುಡುಗರು ಒಯ್ದು ರಾತ್ರಿ ಕತ್ತಲಲ್ಲೇ ಊರೂರಿಗೆ ಅಂಟಿಸಿದರು.

ಮರುದಿನ ಅವರೇ ಬಂದರು, ಕೈಯಲ್ಲೊಂದು ಪೋಸ್ಟರ್. ಮುಖ ಕಡುನೀಲಿ, ಕೈ ಮುಗಿದ ಭಂಗಿ.

"ಡಂಬಳದಿಂದ ಮಂದಿ ಬಂದಾರ, ನನ್ನ ಹೆಂಡತಿಗೆ ಸಮಾಧಾನ ಹೇಳಾಕ. ಬಾಗಲಾ ತಗದಾಂವ ನಾನ!"

ನಾನು ಬೋರ್ಡು ತೋರಿಸಿದೆ. ಪರದೆಯನ್ನೂ ತೋರಿಸಿದೆ. "ನೋಡ್ರಿ, ಇಲ್ಲಿ ಹೆಂಗ ಮದುಮಗನಾಂಗ ಅದೀರಿ! ತಪ್ಪು ಕಾಗದದ್ದು."

ಅಷ್ಟರಲ್ಲಿ ನಮ್ಮ ಅವ್ವ ಒದ್ದೆ ಅರಿವೆ ಹಿಡಿದು ಬಂದಳು. "ಪೂಜಿ ದಿನ ಎಲ್ಲಾ ಮಿಷನ್ನಿಗೂ ಕುಂಕುಮ ಇಟ್ಟೆ, ಈ ಟೀವಿ ಮಾರಿಗೆ ಅರಿಶಿಣ ಬಳದಿದ್ದೆ. ಒರಸೋದ ಮರತಬಿಟ್ಟೆ ನೋಡು."

ಎಂದವಳೇ ಪರದೆ ಒರೆಸಿದಳು. ಮದುಮಗ ನಮ್ಮೆಲ್ಲರ ಕಣ್ಣೆದುರೇ ಕಡುನೀಲಿಯಾದ. ನನ್ನ ಪ್ರೆಸ್ಸಿನಲ್ಲಿ ಪರದೆಗೂ ಕಾಗದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದದ್ದು ಅದೊಂದೇ ಕೆಲಸ.